ನಟ್ಟಿನ ಮೇಲಿನ ಗೆರೆ

ನನ್ನ ಭಾವನಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಊರಿನಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಅವರು ಟೈಲರ್. ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಾರೆ. ಅಂಗಿಗೆ ಗುಂಡಿ, ಚಡ್ಡಿಗೆ ಜೇಬು, ಅಷ್ಟೇ ಅವರ ವಿದ್ಯೆ. ನಾನು ಮೆಕ್ಯಾನಿಕ್. ಮೂವತ್ತು ವರ್ಷದಿಂದ ಗಾಡಿಗಳ ಕೆಳಗೆ ಮಲಗಿ ಬೆನ್ನು ಸವೆಸಿದವನು. ಆದರೂ ಈ ಊರಿನಲ್ಲಿ ಹಳೆಯ ಫೋರ್ ವೀಲ್ ಗಾಡಿ ಇಟ್ಟುಕೊಂಡವರಿಗೆ ಒಂದು ಕಿರ್ ಸದ್ದು ಕೇಳಿಸಿದರೆ ಸಾಕು, ಮೊದಲು ಓಡುವುದು ಅವರ ಹೊಲಿಗೆ ಅಂಗಡಿಗೆ. "ಟೈಲರ್ ಹತ್ರ ಒಂದ್ಸಲ ಕೇಳ್ಕೊಂಡು ಬಂದೆ" ಅಂತ ನನ್ನ ಮುಖಕ್ಕೇ ಹೇಳುತ್ತಾರೆ. ಮೈ ಉರಿಯದೆ ಇರುತ್ತದೆಯೇ? ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಇಲ್ಲಿ ಮರ್ಯಾದೆಯಿಂದ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಒಂದು ಜೀಪು. ಅದು ಮೊದಲು ನಮ್ಮ ಮೇಸ್ತ್ರಿಯದಾಗಿತ್ತು. ಮೇಸ್ತ್ರಿ ಎಂದರೆ ನನಗೆ ಕೆಲಸ ಕಲಿಸಿದವರು. ಹದಿನಾಲ್ಕು ವರ್ಷ ಅವರ ಕೈಕೆಳಗೆ ದುಡಿದಿದ್ದೇನೆ. ಮಂಡಿ ಸವೆದು ಗಾಡಿಯ ಕೆಳಗೆ ನುಸುಳುವುದು ಆಗದಾದಾಗ ಅವರು ಗ್ಯಾರೇಜಿನ ಬೀಗದ ಕೈಯನ್ನು ನನಗೆ ಕೊಟ್ಟರು. ಜೀಪೂ ಅದರ ಜೊತೆಗೇ ಬರುತ್ತದೆ ಎಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಯಾವ ಬಣ್ಣ ಹೊಡೆಸಬೇಕೆಂದು ಕೂಡ ತೀರ್ಮಾನಿಸಿಬಿಟ್ಟಿದ್ದೆ. ಒಂದು ಬೆಳಿಗ್ಗೆ ನೋಡುತ್ತೇನೆ, ಜೀಪು ಅಕ್ಕನ ಮನೆಯ ಮುಂದೆ ನಿಂತಿದೆ, ಭಾವ ಅದರ ಗಾಜು ಒರೆಸುತ್ತಿದ್ದಾರೆ, ಅದೂ ಅಂಗಿ ಕತ್ತರಿಸಿ ಉಳಿದ ತುಂಡುಬಟ್ಟೆಯಲ್ಲಿ! ಬೆಟ್ಟದ ಮೇಲಿನ ಶಾಲೆಗಳಿಗೆ ಯೂನಿಫಾರಂ ಗಂಟುಗಳನ್ನು ಒಯ್ಯಲು ಬೇಕಿತ್ತಂತೆ, ಕೇಳಿದರಂತೆ, ಮೇಸ್ತ್ರಿ ಕೊಟ್ಟೇಬಿಟ್ಟರಂತೆ.

ನೆಟ್ಟಗೆ ಮೇಸ್ತ್ರಿಯ ಮನೆಗೆ ಹೋದೆ. "ಅವರಿಗೆ ಕ್ಲಚ್ ಯಾವ್ದು, ಬ್ರೇಕ್ ಯಾವ್ದು ಅಂತಾನೇ ಗೊತ್ತಿಲ್ಲ ಮೇಸ್ತ್ರಿ!" ಎಂದೆ.

"ನೀನಿದ್ದೀಯಲ್ಲ, ಹೇಳ್ಕೊಡು."

"ನನಗ್ಯಾಕೆ ಕೊಡ್ಲಿಲ್ಲ?"

ಅವರು ಮಂಡಿ ಉಜ್ಜಿಕೊಂಡರು. "ನೀನು ಕೆಟ್ಟ ಮೇಲೆ ರಿಪೇರಿ ಮಾಡೋನು. ಅವನು ಕೆಡೋಕೆ ಮುಂಚೇನೇ ನೋಡ್ಕೊಳ್ಳೋನು. ಹಳೇ ಗಾಡಿಗೆ ಅಂಥೋನೇ ಬೇಕು ಕಣಯ್ಯ" ಎಂದರು.

ಈ ಮಾತು ಹದಿನಾರು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ. ಗಾಡಿ ಓಡಿಸುವುದನ್ನು ಭಾವನಿಗೆ ಕಲಿಸಿದವನೂ ನಾನೇ. ಗ್ರೀಸ್ ಎಲ್ಲೆಲ್ಲಿ ಹೊಡೆಯಬೇಕು, ಯಾವ ಎಣ್ಣೆ ಎಷ್ಟು ದಿನಕ್ಕೆ ಬದಲಿಸಬೇಕು ಎಂದು ಹೇಳಿಕೊಟ್ಟವನೂ ನಾನೇ. ಒಂದು ತಿಂಗಳಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದೆ. ಆದರೆ ಆ ಮನುಷ್ಯ ನಾನು ಹೇಳಿದ್ದನ್ನೆಲ್ಲ ಮಾಡಿದರು. ಹೇಳಿದ ನಾನೇ ಎಂದೂ ಮಾಡದಿದ್ದುದನ್ನೂ ಮಾಡಿದರು.

ಪ್ರತಿ ಭಾನುವಾರ ಬೆಳಿಗ್ಗೆ ಅವರ ಕೆಲಸ ಶುರು. ತಾವೇ ಹೊಲಿದ ದಪ್ಪ ಬಟ್ಟೆಯ ಚಾಪೆಯೊಂದಿದೆ, ಅದರ ಅಂಚಿಗೆ ಸಾಲಾಗಿ ಜೇಬುಗಳು, ಜೇಬಿಗೊಂದು ಸ್ಪ್ಯಾನರ್. ಅದನ್ನು ಹಾಸಿಕೊಂಡು ಜೀಪಿನ ಕೆಳಗೆ ಹೋಗುತ್ತಾರೆ. ಬಟ್ಟೆಗೆ ಗುರುತು ಹಾಕುವ ಚಾಕ್ ಇರುತ್ತದಲ್ಲ, ಅದರಲ್ಲಿ ಪ್ರತಿ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೆದಿಟ್ಟಿರುತ್ತಾರೆ. ಮುಂದಿನ ವಾರ ನೋಡಿದಾಗ ಗೆರೆ ನೇರವಾಗಿದ್ದರೆ ನಟ್ಟು ಕದಲಿಲ್ಲ ಎಂದರ್ಥ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ, ಬಿಗಿ ಮಾಡಬೇಕು. ಎಂಬತ್ತಾರು ನಟ್ಟು, ಎಂಬತ್ತಾರು ಗೆರೆ. ಅದು ಮುಗಿದ ಮೇಲೆ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸುವುದು. ಆಮೇಲೆ ಜೀಪನ್ನು ಊರಾಚೆಯ ಮರಳಿಗೆ ಒಯ್ದು, ಮುಂದಿನ ಚಕ್ರಗಳಿಗೂ ಇಂಜಿನ್ನಿನ ಬಲ ಕೊಡುವ ಚಿಕ್ಕ ಗೇರು ಎಳೆದು, ನಾಲ್ಕೂ ಚಕ್ರ ತಿರುಗಿಸಿ ನೂರು ಅಡಿ ಮುಂದೆ, ನೂರು ಅಡಿ ಹಿಂದೆ. ಯಾಕೆ ಎಂದು ಯಾರಾದರೂ ಕೇಳಿದರೆ, "ಮುಂದಿನ ಗೇರುಗಳಿಗೂ ಎಣ್ಣೆ ಸೇರ್ಬೇಕಲ್ಲಪ್ಪ, ಉಪಯೋಗಿಸ್ದೇ ಬಿಟ್ರೆ ಜಾಮ್ ಆಗುತ್ತೆ" ಎನ್ನುತ್ತಾರೆ. ನನ್ನದೇ ಮಾತು, ನನ್ನ ಎದುರಿಗೇ!

ಮೊದಮೊದಲು ಊರೆಲ್ಲ ನಕ್ಕಿತು. ಗೆರೆ ಟೈಲರ್ ಎಂದು ಹೆಸರಿಟ್ಟರು, ಇಟ್ಟವನು ನಾನೇ ಎಂದು ಒಪ್ಪಿಕೊಳ್ಳುತ್ತೇನೆ. ನಾಲ್ಕೈದು ವರ್ಷ ಕಳೆದ ಮೇಲೆ ನಗು ನಿಂತಿತು. ಹೆಸರು ಉಳಿಯಿತು, ಆದರೆ ಜನ ಅದನ್ನು ಹೇಳುವ ರಾಗವೇ ಬೇರೆಯಾಯಿತು. ಈ ಹದಿನಾರು ವರ್ಷದಲ್ಲಿ ನಾನು ಮೂರು ಗಾಡಿ ಬದಲಿಸಿದೆ. ಈಗಿರುವುದು ನನ್ನ ಗ್ಯಾರೇಜಿನ ಮುಂದೆಯೇ ಬಾನೆಟ್ ತೆರೆದುಕೊಂಡು ಬಾಯಿ ಕಳೆದು ನಿಂತಿರುತ್ತದೆ; ಗಿರಾಕಿಗಳ ಗಾಡಿಯ ನಡುವೆ ಅದಕ್ಕೆ ಬಿಡುವು ಎಲ್ಲಿಂದ ತರಲಿ? ಮೇಸ್ತ್ರಿಯಂತೂ ಸಂಜೆಯಾದರೆ ಕೋಲೂರಿಕೊಂಡು ಹೊಲಿಗೆ ಅಂಗಡಿಗೇ ಹೋಗುತ್ತಾರೆ. ದಾರಿಯಲ್ಲಿ ಮೊದಲು ಸಿಗುವುದು ನನ್ನ ಗ್ಯಾರೇಜು. ನಿಂತು ಮಾತಾಡಿಸಿ ಮುಂದೆ ಹೋಗುತ್ತಾರೆ. ಹೆಂಗಸರ ಹಾಗೆ ಹೊಲಿದ ಲಂಗಗಳ ನಡುವೆ ಕೂತು ಇವರಿಬ್ಬರಿಗೆ ಏನು ಮಾತು ಅಷ್ಟೊಂದು ಎಂದು ಹಲ್ಲು ಕಚ್ಚಿಕೊಳ್ಳುತ್ತೇನೆ.

ಈ ವರ್ಷ ಶಾಲೆ ತೆರೆಯುವ ಮುಂಚೆ ಜೀಪಿನ ಮುಂದಿನ ಎಡಗಡೆಯ ಸ್ಪ್ರಿಂಗ್ ಪ್ಲೇಟು ಮುರಿಯಿತು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳವು, ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಅವನ್ನು ಚಕ್ರ ಹೊತ್ತ ಆಕ್ಸಲ್ಲಿಗೆ ಅಪ್ಪಿ ಹಿಡಿಯುವುದು ಎರಡು ಬಾಗಿದ ಬೋಲ್ಟು, ನಾಲ್ಕು ನಟ್ಟು. ಇದು ಚಾಪೆ ಹಾಸಿಕೊಂಡು ಮಾಡುವ ಕೆಲಸವಲ್ಲ. ಭಾವ ನನ್ನ ಬಳಿಯೇ ಬರಬೇಕಾಯಿತು. "ನಿನ್ನ ಕೈಯಲ್ಲೇ ಆಗ್ಬೇಕಪ್ಪ ಇದು" ಎಂದರು. ನನಗೆ ಎಷ್ಟು ಹಿಗ್ಗಾಯಿತೆಂದರೆ ಎರಡು ಗಿರಾಕಿಗಳ ಗಾಡಿ ಪಕ್ಕಕ್ಕಿಟ್ಟು ಶುಕ್ರವಾರವೇ ಕೈ ಹಾಕಿದೆ.

ಹೊಸ ಪ್ಲೇಟು ಕೂರಿಸಿದೆ. ಗಾಡಿ ಜಾಕಿನ ಮೇಲೆ ಇರುವಾಗ ಆ ನಟ್ಟುಗಳನ್ನು ಅರ್ಧ ಬಿಗಿ ಮಾಡಿ, ಕೆಳಗಿಳಿಸಿ ಚಕ್ರದ ಮೇಲೆ ಭಾರ ಬಿದ್ದ ಮೇಲೆ ಪೂರ್ತಿ ಬಿಗಿ ಮಾಡಬೇಕು. ಇದು ಮೇಸ್ತ್ರಿ ನನಗೆ ಕಲಿಸಿದ ಮೊದಲ ಪಾಠಗಳಲ್ಲೊಂದು. ಅರ್ಧ ಬಿಗಿ ಮಾಡಿ ಎದ್ದೆ, ಅಷ್ಟರಲ್ಲಿ ಮೇಸ್ತ್ರಿಯೇ ಬಂದರು. ಬಾಗಿಲಲ್ಲಿ ನಿಂತು ಕೋಲಿನಿಂದ ಜೀಪನ್ನು ತೋರಿಸಿದರು.

"ಗೆರೆ ಎಳೆದ್ಯಾ?"

ನಾನು ಕೈಗೆ ಹತ್ತಿದ್ದ ಗ್ರೀಸ್ ಒರೆಸಿಕೊಂಡೆ.

"ಟೈಲರ್ ಗಾಡಿ ಅದು. ಗೆರೆ ಎಳೆದೇ ಕೊಡು, ಅವನಿಗೆ ಅದಿಲ್ದೆ ಸಮಾಧಾನ ಇಲ್ಲ" ಎಂದು ನಗುತ್ತಾ ಹೊಲಿಗೆ ಅಂಗಡಿಯ ಕಡೆಗೆ ಹೊರಟುಹೋದರು.

ಪ್ಲೇಟು ಹೇಗೆ ಕೂತಿದೆ ಎಂದು ಕೇಳಲಿಲ್ಲ. ಬಗ್ಗಿ ನೋಡಲಿಲ್ಲ. ಗೆರೆ ಎಳೆದ್ಯಾ! ನನ್ನ ತಲೆ ಕೆಟ್ಟುಹೋಯಿತು. ಗೆರೆ ತಾನೇ ಬೇಕು, ತಗೊಳ್ಳಿ ಗೆರೆ. ಡ್ಯಾಶ್‌ಬೋರ್ಡಿನಲ್ಲಿದ್ದ ಚಾಕ್ ತೆಗೆದು ನಾಲ್ಕೂ ನಟ್ಟಿನ ಮೇಲೆ ದಪ್ಪಗೆ ಗೆರೆ ಎಳೆದೆ. ಜಾಕ್ ಇಳಿಸಿದೆ. ಉದ್ದ ಸ್ಪ್ಯಾನರನ್ನು ಗೋಡೆಗೆ ನೇತುಹಾಕಿದೆ. ಪೂರ್ತಿ ಬಿಗಿ ಮಾಡುವುದನ್ನು ಮರೆತೆ ಎಂದು ಹೇಳಬಹುದು, ಯಾರೂ ಅನುಮಾನ ಪಡುತ್ತಿರಲಿಲ್ಲ. ಆದರೆ ಮರೆತಿರಲಿಲ್ಲ. ಭಾನುವಾರ ನಟ್ಟು ತಿರುಗಿರುತ್ತದೆ, ಗೆರೆ ಮುರಿದಿರುತ್ತದೆ, ಚಾಕಿನಿಂದ ಗಾಡಿ ಓಡುವುದಿಲ್ಲ ಎಂದು ಊರಿಗೆ ಗೊತ್ತಾಗುತ್ತದೆ, ಭಾವ ಮತ್ತೆ ನನ್ನ ಬಾಗಿಲಿಗೆ ಬರುತ್ತಾರೆ. ನನ್ನ ಲೆಕ್ಕ ಅಷ್ಟೇ ಇತ್ತು.

ಭಾನುವಾರ ಸಂಜೆ ಅಂಗಡಿಯಿಂದ ಭಾವ ಕೂಗಿ ಕರೆದರು. ಮೇಸ್ತ್ರಿ ಇದ್ದರು, ಬಟ್ಟೆ ಒಯ್ಯಲು ಬಂದ ನಾಲ್ಕು ಜನರಿದ್ದರು. ಒಳಗೊಳಗೇ ಕುಣಿಯುತ್ತಾ ಹೋದೆ.

"ಅರವತ್ತು ಕಿಲೋಮೀಟರ್ ಓಡಿಸ್ದೆ, ಕಲ್ಲು ಮಣ್ಣು ಎಲ್ಲ ಕಡೆ," ಎಂದರು ಭಾವ ಎಲ್ಲರಿಗೂ ಕೇಳುವ ಹಾಗೆ. "ನಾಲ್ಕೂ ಗೆರೆ ಕೂದಲಷ್ಟೂ ಕದಲಿಲ್ಲ! ನಾನು ಬಿಗಿ ಮಾಡಿದ್ದು ಒಂದಲ್ಲ ಒಂದು ಸಲ ಸಡ್ಲ ಆಗೇ ಆಗುತ್ತೆ. ಕೈ ಅಂದ್ರೆ ಇವನದು ಕೈ."

"ಯಾರ ಹತ್ರ ಕಲ್ತೋನು ಮತ್ತೆ?" ಎಂದು ಮೇಸ್ತ್ರಿ ನನ್ನ ಬೆನ್ನು ತಟ್ಟಿದರು.

ಜೀವಮಾನದಲ್ಲಿ ಮೊದಲ ಸಲ. ಆ ಕೈ ಬೆನ್ನ ಮೇಲಿರುವಾಗಲೇ ನನಗೆ ಹೊಳೆಯಿತು ಏನಾಗಿದೆ ಎಂದು. ಹೊಸದೂ ಹಳೆಯದೂ ಸೇರಿ ಪಟ್ಟಿಗಳು ಭಾರಕ್ಕೆ ಒಂದಕ್ಕೊಂದು ಅಮುಕಿ ಕೂತಿವೆ. ನಟ್ಟು ಇದ್ದ ಕಡೆಯೇ ಇದೆ, ಅದಕ್ಕೇ ಗೆರೆ ನೇರವಾಗಿದೆ. ಆದರೆ ಹಿಡಿತ ಹೋಗಿದೆ. ನಟ್ಟು ತಿರುಗಿದರೆ ಗೆರೆ ಹೇಳುತ್ತದೆ, ಹಿಡಿತ ಹೋದರೆ ಹೇಳುವುದಿಲ್ಲ. ಇದು ಭಾವನಿಗೆ ಗೊತ್ತಿಲ್ಲ. ಮೇಸ್ತ್ರಿಗೆ ಗೊತ್ತು, ಆದರೆ ನಾನು ಇಂಥ ಕೆಲಸ ಮಾಡಿಯೇನು ಎಂದು ಅವರಿಗೆ ಕನಸಲ್ಲೂ ಬಂದಿರಲಿಕ್ಕಿಲ್ಲ. ಅಲ್ಲೇ ಸ್ಪ್ಯಾನರ್ ಹಾಕಿದ್ದರೆ ನಟ್ಟು ಎರಡು ಸುತ್ತು ಸಲೀಸಾಗಿ ತಿರುಗುತ್ತಿತ್ತು, ಮೇಸ್ತ್ರಿ ನೋಡುತ್ತಿದ್ದರು, ಆ ಕೈ ಬೆನ್ನಿಂದ ಹೋಗುತ್ತಿತ್ತು. ನಾಳೆ ಬೆಳಿಗ್ಗೆ ಅವರು ಇಲ್ಲದಾಗ ಹೋಗಿ ಬಿಗಿ ಮಾಡಿದರಾಯಿತು ಎಂದುಕೊಂಡೆ. ಬಾಯಿ ಮುಚ್ಚಿಕೊಂಡು ಹೊಗಳಿಸಿಕೊಂಡೆ.

ಸೋಮವಾರ ಎಂಟು ಗಂಟೆಗೆ ಸ್ಪ್ಯಾನರ್ ಚೀಲ ಹಿಡಿದು ಹೋದರೆ ಮನೆಗೆ ಬೀಗ. ಪಕ್ಕದ ಮನೆಯಾಕೆ, "ಆರು ಗಂಟೆಗೇ ಹೊರಟ್ರಲ್ಲ ಬೆಟ್ಟಕ್ಕೆ, ನಿಮ್ಮಕ್ಕಾನೂ ಹೋದ್ರು, ಹೆಣ್ಣುಮಕ್ಕಳ ಅಳತೆ ತಗೋಬೇಕಂತೆ" ಎಂದರು. ಗ್ಯಾರೇಜಿಗೆ ಓಡಿದೆ. ಅಕ್ಕ ಎಂದೂ ಜೊತೆಗೆ ಹೋಗುವವಳಲ್ಲ. ನನ್ನ ಗಾಡಿ ಎಂದಿನಂತೆ ಬಾನೆಟ್ ತೆರೆದು ನಿಂತಿತ್ತು. ರಿಪೇರಿಗೆ ಬಂದಿದ್ದ ಗಿರಾಕಿಯೊಬ್ಬನ ಸ್ಕೂಟರ್ ಹತ್ತಿ, ಕೇಳದೆ ಹೇಳದೆ ಹೊರಟೆ. ಬೆಟ್ಟದ ದಾರಿಯುದ್ದಕ್ಕೂ ಎಡಗಡೆ ಇಳಿಜಾರು. ತಿರುವು ಬಂದಾಗಲೆಲ್ಲ ಕೆಳಗೆ ಇಣುಕಿ ನೋಡುತ್ತಾ ಹೋದೆ.

ಐದನೇ ತಿರುವಿನಲ್ಲಿ ಜೀಪು ನಿಂತಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಅಕ್ಕ ಬಟ್ಟೆ ಗಂಟಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು.

"ಬಂದ್ಯೇನೋ! ನೀನು ಬಂದ್ಯಲ್ಲ, ಇನ್ನು ನಂಗೆ ಹೆದ್ರಿಕೆ ಇಲ್ಲ."

ಭಾವ ಜೀಪಿನ ಕೆಳಗಿಂದಲೇ ಮಾತಾಡಿದರು. "ಸ್ಟೇರಿಂಗ್ ಎಡಕ್ಕೆ ಎಳೀತು ನೋಡು, ಇನ್ನೇನು ಅಂಚಿಗೆ ಹೋಗ್ಬೇಕಿತ್ತು. ಒಂದು ಗಂಟೆಯಿಂದ ಹುಡುಕ್ತಾ ಇದ್ದೀನಿ, ಎಲ್ಲ ನಟ್ಟಿಗೂ ಸ್ಪ್ಯಾನರ್ ಹಾಕಿ ನೋಡ್ದೆ."

"ಮುಂದಿನ ಪ್ಲೇಟಿಂದು?"

"ಅದನ್ನ ಮುಟ್ಟಿಲ್ಲ. ಅದು ನೀನು ಬಿಗಿ ಮಾಡಿದ್ದಲ್ವಾ?"

ಎಡಗಡೆಯ ಚಕ್ರ ಒಂದು ಬೆರಳಿನಷ್ಟು ಹಿಂದಕ್ಕೆ ಸರಿದಿತ್ತು. ಪಟ್ಟಿಗಳನ್ನು ಪೋಣಿಸಿ ಹಿಡಿಯುವ ಮಧ್ಯದ ಸಣ್ಣ ಬೋಲ್ಟು ಬಾಗಿ, ಇನ್ನೂ ತುಂಡಾಗದೆ ಹಿಡಿದುಕೊಂಡಿತ್ತು. ಹೊಸ ಪ್ಲೇಟು ಕುಸಿದಿದೆ, ಹೀಗಾಗುತ್ತೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕ ಬಾಟಲಿ ತೆರೆದು ನನಗೆ ನೀರು ಕೊಟ್ಟಳು, ಸೆರಗಿನಿಂದ ನನ್ನ ಹಣೆ ಒರೆಸಿದಳು. ಆಗ ತಡೆಯಲಾಗಲಿಲ್ಲ.

"ನಾನು ಬಿಗಿ ಮಾಡಿರ್ಲಿಲ್ಲ ಭಾವ. ಬೇಕಂತಲೇ. ಬರೀ ಗೆರೆ ಎಳೆದೆ."

ಭಾವ ಹೊರಗೆ ಬಂದರು. ಸಿಟ್ಟು ಬಂದ ಹಾಗೆ ಕಾಣಲಿಲ್ಲ, ಕಕ್ಕಾಬಿಕ್ಕಿಯಾಗಿದ್ದರು. "ಯಾಕಪ್ಪ?"

"ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು. ಜೀಪು ಬಂದ ದಿನದಿಂದ."

"ನನ್ನನ್ನ ಕಂಡ್ರಾ?" ಅವರಿಗೆ ನಿಜಕ್ಕೂ ನಂಬಿಕೆ ಬರಲಿಲ್ಲ. "ಅಲ್ಲಪ್ಪ, ನಿನ್ನಂಥ ಕೈ ಇದ್ದಿದ್ರೆ ನಾನ್ಯಾಕೆ ಗೆರೆ ಎಳೀತಿದ್ದೆ? ನನಗೆ ಭಯ. ಅದಕ್ಕೆ ಎಳೀತೀನಿ."

ಅಕ್ಕ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡಳು. ನಾನು ಚೀಲ ಬಿಚ್ಚಿದೆ. ಜಾಕ್ ಕೊಟ್ಟು ಆಕ್ಸಲನ್ನು ಜಾಗಕ್ಕೆ ತಂದೆ, ಚೀಲದಲ್ಲಿದ್ದ ಹೊಸ ಸಣ್ಣ ಬೋಲ್ಟು ಹಾಕಿದೆ, ಗಾಡಿ ಇಳಿಸಿ ಭಾರ ಬಿದ್ದ ಮೇಲೆ ಉದ್ದ ಸ್ಪ್ಯಾನರಿಗೆ ನನ್ನ ಪೂರ್ತಿ ಮೈಭಾರ ಕೊಟ್ಟು ನಾಲ್ಕೂ ನಟ್ಟು ಬಿಗಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಭಾವ ಗಂಟುಗಳನ್ನು ಮತ್ತೆ ತುಂಬಿಸಿ, ಜೀಪು ಶುರು ಮಾಡಿ, ಅಕ್ಕನ ಕಡೆಯ ಬಾಗಿಲು ತೆರೆದರು.

"ನೀವು ನಡೀರಿ. ನಾನು ನಡ್ಕೊಂಡು ಬರ್ತೀನಿ" ಎಂದಳು ಅಕ್ಕ.

"ಇನ್ನೂ ನಾಲ್ಕು ಕಿಲೋಮೀಟರ್ ಇದೆ ಕಣೇ."

"ಇರ್ಲಿ."

"ಅಕ್ಕ, ಹತ್ತು. ಈಗ ಏನೂ ಆಗಲ್ಲ," ಎಂದೆ. "ನಾನೇ ಬಿಗಿ ಮಾಡಿದ್ದೀನಿ."

"ಅದಕ್ಕೇ" ಎಂದಳು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟ ಹತ್ತತೊಡಗಿದಳು. ಭಾವ ಅವಳನ್ನು ಒತ್ತಾಯಿಸಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಮೊದಲನೇ ಗೇರಿನಲ್ಲಿ ಅವಳ ಪಕ್ಕಕ್ಕೇ, ಅವಳ ಹೆಜ್ಜೆಗೆ ಸರಿಯಾಗಿ ಜೀಪು ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕಿಟಕಿಯೊಳಕ್ಕೆ ಕೈ ಚಾಚಿ ಅವರ ತೋಳು ಹಿಡಿದುಕೊಂಡಳು. ಅದನ್ನು ನೋಡಿಯೂ ನನ್ನ ಹೊಟ್ಟೆ ಉರಿಯಿತು. ಆ ಕೈ ಹಿಡಿದು ನಡೆಯಲು ಕಲಿತವನು ನಾನು. ತಿರುವು ದಾಟುವವರೆಗೂ ಅವಳು ಹಿಂದೆ ನೋಡಲಿಲ್ಲ.