ಸುರಗಿಯ ಬಿಳಿ

ಎಣ್ಣೆಬಣ್ಣದಲ್ಲಿ ಹೂ ಬಿಡಿಸಲು ಕಲಿಯತೊಡಗಿದಾಗ ನನಗೆ ಮೊದಲು ಸಂಶಯ ಬಂದದ್ದು ಎಣ್ಣೆಯ ಮೇಲೆ. ಉಡುಪಿಯ ಅಂಗಡಿಯಲ್ಲಿ ಕೊಂಡ ಅಗಸೆ ಎಣ್ಣೆಯ ಬಾಟಲಿಯನ್ನು ಮನೆಗೆ ತಂದು ಬೆಳಕಿಗೆ ಹಿಡಿದೆ, ಮೂಸಿದೆ, ಬೆರಳಿಗೆ ಹಚ್ಚಿ ಉಜ್ಜಿದೆ. ಏನೋ ಬೆರಕೆ ಇದೆ ಅನಿಸಿತು. ಮೂರು ದಿನವಾದರೂ ಬಣ್ಣ ಒಣಗದಿದ್ದಾಗ ಅನುಮಾನ ಖಾತ್ರಿಯಾಗಿ ಅಂಗಡಿಗೆ ಜಗಳಕ್ಕೆ ಹೊರಟೆ. ಮಣಿಪಾಲದಲ್ಲಿ ನಮಗೆ ಚಿತ್ರಕಲೆ ಕಲಿಸುವ, ನನ್ನ ಮಗನ ಪ್ರಾಯದ ಮಾಸ್ಟ್ರು, "ಎಣ್ಣೆಬಣ್ಣ ಒಣಗಲು ವಾರಗಟ್ಟಲೆ ಬೇಕು ಮೇಡಂ" ಎಂದು ತಡೆಯದಿದ್ದರೆ ಆ ಅಂಗಡಿಯವರ ಗತಿ ಏನಾಗುತ್ತಿತ್ತೋ.

ಇದು ನನಗೆ ಕೆಲಸದಿಂದ ಅಂಟಿದ ಬುದ್ಧಿ. ಕಾಪುವಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪರೀಕ್ಷೆಯ ಕೋಣೆಯಲ್ಲಿ ಬೆಂಚುಗಳ ನಡುವೆ ನಡೆದೂ ನಡೆದೂ, ಯಾರಾದರೂ ಕೈ ಕೆಳಗೆ ಮಾಡಿದರೆ ಅದು ಚೀಟಿಗೇ ಎಂದು ನಂಬುವುದು ಅಭ್ಯಾಸವಾಯಿತು. ಮೊಣಕಾಲು ತುರಿಸಿಕೊಳ್ಳುವವರೂ ಇರುತ್ತಾರೆ ಎಂಬುದು ಹೊಳೆಯುತ್ತಿರಲಿಲ್ಲ. ನಿವೃತ್ತಿಯಾಗಿ ಅಂಬಲಪಾಡಿಯ ಮನೆಯಲ್ಲಿ ಕುಳಿತ ಮೇಲೂ ಆ ಬುದ್ಧಿ ನನ್ನನ್ನು ಬಿಟ್ಟಿಲ್ಲ.

ನನ್ನ ತವರು ಕಾರ್ಕಳದಿಂದಲೂ ಒಳಗೆ, ಘಟ್ಟದ ಬುಡದ ಗುಡ್ಡದ ಮೇಲೆ. ಅಂಗಳದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಘಟ್ಟದ ಸಾಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅಂಗಳದ ತುದಿಗೆ ಒಂದು ಸುರಗಿ ಮರ. ಶಿವರಾತ್ರಿಯ ಆಚೀಚೆ ಅದರ ಕೊಂಬೆಗಳ ಮೈಯಲ್ಲೇ ಹೂ ಮೂಡುತ್ತದೆ: ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗೊಂಡೆ. ಅಮ್ಮ ಇದ್ದಾಗ ಬೆಳಿಗ್ಗೆ ಮರದಡಿ ಹಳೆಯ ಸೀರೆ ಹಾಸಿ ಉದ್ದ ಕೋಲಿನ ದೋಟಿಯಿಂದ ಕೊಂಬೆ ಅಲುಗಿಸುತ್ತಿದ್ದರು. ಈಗ ಆ ಕೆಲಸ ತಮ್ಮನ ಹೆಂಡತಿಯದು. ತಮ್ಮ ಮಸ್ಕತ್‌ನಲ್ಲಿದ್ದಾನೆ. ಗುಡ್ಡದ ರಬ್ಬರ್, ಮನೆ, ಮರ ಎಲ್ಲ ಅವಳೇ ನೋಡಿಕೊಳ್ಳುವುದು. ಅಮ್ಮ ಹೋದ ಮೇಲೆ ನನಗೆ ತವರು ಎಂದರೆ ಅವಳೇ. ಅವಳು ಮುಖ ಕೊಟ್ಟು ಮಾತನಾಡಿದರೆ ತವರು ಇದೆ, ಇಲ್ಲದಿದ್ದರೆ ಇಲ್ಲ.

ನಾನು ಬಿಡಿಸಿದ್ದು ಆ ಸುರಗಿಯನ್ನೇ. ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ ಕೊಂಬೆ ಸಂಜೆಗೆ ಬಾಡುತ್ತಿತ್ತು. ಮತ್ತೆ ಹೋಗಿ ತರುತ್ತಿದ್ದೆ. ಹಿನ್ನೆಲೆಯ ಘಟ್ಟದ ನೀಲಿ ಸುಲಭವಾಗಿ ಬಂತು, ಸತಾಯಿಸಿದ್ದು ಬಿಳಿ. ಟ್ಯೂಬಿನಿಂದ ಬಂದ ಹಾಗೇ ಹಚ್ಚಿದರೆ ಸುಣ್ಣ ಬಳಿದಂತೆ ಕಾಣುತ್ತಿತ್ತು, ನೀಲಿ ಸೇರಿಸಿದರೆ ಸತ್ತ ಹೂ. ಒಂದೇ ಎಸಳನ್ನು ಎಷ್ಟೋ ಸಲ ಕೆರೆದು ತೆಗೆದಿದ್ದೇನೆ. ಕೊನೆಗೊಂದು ದಿನ ನನಗೆ ಬೇಕಾದ ಬಿಳಿ ಬಂತು. ಖುಷಿ ತಡೆಯಲಾರದೆ ಗಂಡನನ್ನು ಕರೆದು ತೋರಿಸಿದೆ. "ಚಂದ ಉಂಟು" ಎಂದರು. ನೋಡದೆಯೇ ಹೇಳಿದರೋ ಎಂದು ಅನುಮಾನವಾಗಿ, ಅವರನ್ನು ಆಚೆ ತಿರುಗಿಸಿ, ಎಷ್ಟು ಹೂ ಉಂಟು ಎಂದು ಕೇಳಿದೆ. "ಏಳು" ಎಂದರು. ಒಂಬತ್ತಿತ್ತು.

ನಮ್ಮ ಕಡೆಯ ಯುಗಾದಿಯಾದ ಬಿಸು ಹಬ್ಬಕ್ಕೆ ಆ ಚಿತ್ರವನ್ನು ತಮ್ಮನ ಹೆಂಡತಿಗೆ ಕೊಟ್ಟೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡೂ ಅಂಚು ಹಿಡಿದು, ತುಂಬ ಹೊತ್ತು ನೋಡಿದಳು. "ಅತ್ತೆ ಇರಬೇಕಿತ್ತು ಅಕ್ಕ" ಎಂದಳು. ನಮ್ಮ ಮಾತುಕತೆ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳ ಕಣ್ಣು ತುಂಬಿದ್ದನ್ನು ಕಂಡು ನನಗೂ ಅಳು ಬರುವಂತಾಯಿತು. ಅದನ್ನು ಮರೆಮಾಚಲು ಟೀಚರಮ್ಮನ ಪಾಠ ಶುರುಮಾಡಿದೆ: ಧೂಳು ಕೂರಬಾರದು, ತೇವ ತಾಗಬಾರದು, ಬಿಸಿಲು ಬೀಳಲೇಬಾರದು. ಅವಳು ಒಂದೊಂದಕ್ಕೂ ತಲೆಯಾಡಿಸಿದಳು.

ದೀಪಾವಳಿಗೆ ಹೋದಾಗ ಮನೆಯ ಮುಂದಿನ ಚಾವಡಿಯ ಗೋಡೆಯಲ್ಲಿ ಚಿತ್ರ ಇರಲಿಲ್ಲ. ಮೊಳೆ ಹೊಡೆದ ಗುರುತೂ ಇರಲಿಲ್ಲ. ಯಾರಿಗಾದರೂ ಕೊಟ್ಟುಬಿಟ್ಟಳೇ? ಕೇಳಿದ್ದಕ್ಕೆ ಒಳಗೆ ಹೋಗಿ ತಂದಳು. ಹೂವೆಲ್ಲ ಹಳದಿ, ಹಳೆಯ ತುಪ್ಪದ ಬಣ್ಣ.

ಆ ಮನೆಯ ಹಿಂದೆ ರಬ್ಬರ್ ಶೀಟುಗಳನ್ನು ಹೊಗೆಯಲ್ಲಿ ಒಣಗಿಸುವ ಚಿಕ್ಕ ಕೋಣೆಯೊಂದಿದೆ. ಬೆಳ್ಳಗೆ ಒಳಗೆ ಹೋದ ಶೀಟು ಕಂದು ಬಣ್ಣಕ್ಕೆ ತಿರುಗಿ ಹೊರಬರುವುದನ್ನು ನಾನೇ ನೋಡಿದ್ದೇನೆ. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಹೊಗೆ ಕೋಣೆಯಲ್ಲಿ ಇಟ್ಟದ್ದಾ ಇದನ್ನು?"

"ಇಲ್ಲ ಅಕ್ಕ, ಕಪಾಟಿನಲ್ಲಿ ಇಟ್ಟದ್ದು."

"ಕಪಾಟಿನಲ್ಲಿ ಇಟ್ಟ ವಸ್ತು ಹೀಗೆ ಆಗ್ತದಾ? ನನಗೆ ಎಂತ ಗೊತ್ತಾಗುದಿಲ್ಲ ಅಂತ ಗ್ರಹಿಸಿದ್ದಿಯಾ?"

"ಸತ್ಯವಾಗಿ ಅಕ್ಕ. ನನ್ನ ಧಾರೆ ಸೀರೆಯಲ್ಲಿ ಸುತ್ತಿ ಇಟ್ಟಿದ್ದೆ."

ನಾನು ಚಿತ್ರವನ್ನು ಮೂಗಿಗೆ ಹಿಡಿದೆ. ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯ ವಾಸನೆ ಬಂತು. ಹೊಗೆಯ ವಾಸನೆ ಮುಚ್ಚಲು ಇವಳೇ ಗುಳಿಗೆ ಹಾಕಿದ್ದಾಳೆ ಎಂದುಕೊಂಡೆ.

"ಅಮ್ಮನ ಮರದ ಹೂ ಇದು. ಹೊರಗಿನಿಂದ ಬಂದವಳು ನೀನು, ನಿನಗೆ ಎಂತ ಗೊತ್ತು ಇದರ ಬೆಲೆ!" ಎಂದೆ. ಅಂಗಳದಲ್ಲಿ ರಬ್ಬರ್ ಟ್ಯಾಪಿಂಗಿಗೆ ಬರುವ ಇಬ್ಬರು ನಿಂತಿದ್ದರು, ಅವರಿಗೂ ಕೇಳಿಸಿತು. ಅವಳ ಮುಖ ಕೆಂಪಾಯಿತು. ಮತ್ತೆ ಒಂದೇ ಒಂದು ಮಾತು ಆಡಲಿಲ್ಲ. ಆ ಮೌನವನ್ನೂ ನಾನು ತಪ್ಪೊಪ್ಪಿಗೆ ಎಂದೇ ಓದಿಕೊಂಡೆ. ಚಿತ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ಮಣಿಪಾಲದ ಮಾಸ್ಟ್ರಿಗೆ ಅದನ್ನು ತೋರಿಸಿದಾಗ ಅವರು ಹತ್ತಿಯನ್ನು ಸ್ವಲ್ಪ ಒದ್ದೆ ಮಾಡಿ ಒಂದು ಮೂಲೆಯನ್ನು ಮೆಲ್ಲಗೆ ಒರೆಸಿದರು. ಹತ್ತಿ ಹಾಗೇ ಬೆಳ್ಳಗಿತ್ತು.

"ಹೊಗೆ ಅಲ್ಲ ಮೇಡಂ, ಹೊಗೆಯಾದರೆ ಹತ್ತಿ ಕಪ್ಪಾಗಬೇಕಿತ್ತು. ಇದನ್ನು ಕತ್ತಲೆಯಲ್ಲಿ ಇಟ್ಟಿದ್ದರಾ? ಅಗಸೆ ಎಣ್ಣೆ ಬೆಳಕಿಲ್ಲದೆ ಹಳದಿಯಾಗ್ತದೆ. ಕಿಟಕಿಯ ಹತ್ತಿರ ಇಡಿ, ಬಿಳಿ ತಿರುಗಿ ಬರ್ತದೆ."

ಅವರನ್ನೂ ನಾನು ನಂಬಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ತಮ್ಮನ ಹೆಂಡತಿಗೂ ಇವರಿಗೂ ಎಲ್ಲಿಯಾದರೂ ಪರಿಚಯ ಇರಬಹುದೇ ಎಂದೂ ಒಂದು ಗಳಿಗೆ ಯೋಚಿಸಿದೆ. ಮನೆಗೆ ಬಂದು ಚಿತ್ರದ ಬಲ ಅರ್ಧಕ್ಕೆ ರಟ್ಟು ಮುಚ್ಚಿ, ಅಂಟುಪಟ್ಟಿ ಹಾಕಿ, ಕಿಟಕಿಯ ಬಳಿ ನಿಲ್ಲಿಸಿದೆ. ಗಂಡ ನೋಡಿ, "ನಿನಗೆ ಯಾರ ಮೇಲೆ ಸಂಶಯ ಇಲ್ಲ ಮಾರಾಯ್ತಿ, ಒಬ್ಬರನ್ನು ಹೇಳು ನೋಡುವ" ಎಂದರು.

ಕೆಲವು ವಾರ ಬಿಟ್ಟು ರಟ್ಟು ಬಿಚ್ಚಿದೆ. ಎಡಗಡೆಯ ಹೂಗಳು ಬೆಳ್ಳಗಿದ್ದವು, ನಾನು ಹಚ್ಚಿದ ಅದೇ ಬಿಳಿ. ರಟ್ಟಿನಡಿಯವು ಹಳದಿಯಾಗಿಯೇ ಇದ್ದವು. ನಡುವಿನ ಒಂದೇ ಹೂ ಅರ್ಧ ಬಿಳಿ, ಅರ್ಧ ಹಳದಿ.

ಅಂದರೆ ಅವಳು ಹೇಳಿದ್ದೆಲ್ಲ ನಿಜ. ಕಪಾಟು ನಿಜ, ಧಾರೆ ಸೀರೆ ನಿಜ. ಬಿಸಿಲು ಬೀಳಲೇಬಾರದು ಎಂದವಳು ನಾನು. ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು, ಹೂ ಹಳದಿಯಾದದ್ದು ಅದರಿಂದಲೇ. ಕಿಟಕಿಯ ಎದುರು ಕುಳಿತಲ್ಲೇ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಉಳಿದ ಅರ್ಧವೂ ಬೆಳ್ಳಗಾದ ಮೇಲೆ, ಶಿವರಾತ್ರಿ ಕಳೆದು, ಚಿತ್ರ ಹಿಡಿದುಕೊಂಡು ಹೋದೆ. ಅವಳು "ಬನ್ನಿ ಅಕ್ಕ, ಕೂತುಕೊಳ್ಳಿ" ಎಂದು ಚಾವಡಿಯಲ್ಲಿ ಕುರ್ಚಿ ಇಟ್ಟಳು. ಹುಟ್ಟಿದ ಮನೆಯಲ್ಲಿ ನಾನು ಎಂದೂ ಚಾವಡಿಯಲ್ಲಿ ಕುಳಿತವಳಲ್ಲ, ನೇರ ಅಡುಗೆಮನೆಗೆ ಹೋಗುವವಳು. ಅಂದು ಕುಳಿತೆ. ಕಾಫಿ ಬಂತು, ಜೊತೆಗೆ ತಟ್ಟೆಯಲ್ಲಿ ಬಿಸ್ಕತ್ತು.

"ತಪ್ಪು ನನ್ನದೇ. ನಾನು ಹಾಗೆ ಹೇಳಬಾರದಿತ್ತು" ಎಂದೆ. ಎಣ್ಣೆ, ಕತ್ತಲೆ, ರಟ್ಟು ಎಲ್ಲವನ್ನೂ ವಿವರಿಸಿದೆ.

"ಇರಲಿ ಅಕ್ಕ" ಎಂದಳು. ಚಿತ್ರವನ್ನು ನೋಡಿ ನಕ್ಕಳು ಕೂಡ. ಆದರೆ ಕೈಗೆ ತೆಗೆದುಕೊಳ್ಳಲಿಲ್ಲ. "ಇದು ನಿಮ್ಮಲ್ಲೇ ಇರಲಿ. ನಾನು ಇಟ್ಟು ಮತ್ತೆ ಎಂತಾದರೂ ಆದರೆ?"

ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಇಬ್ಬರೂ ಒಂದಿಷ್ಟು ಜಗಳವಾಡಿ ಮುಗಿಸಬಹುದಿತ್ತು.

ಹೊರಡುವಾಗ ಬಾಳೆಲೆಯಲ್ಲಿ ಕಟ್ಟಿದ ಸುರಗಿ ತಂದಳು. ಪ್ರತಿ ವರ್ಷ ಕೊಡುವುದೇ, ಚೀಲದಲ್ಲಿ ತುರುಕಿಬಿಡುತ್ತಿದ್ದಳು. ಈ ಸಲ ಕೊಡುವ ಮೊದಲು ಕಟ್ಟು ಬಿಚ್ಚಿ, ಹೂಗಳನ್ನು ಬೆರಳಿನಿಂದ ಹರಡಿ, ನನ್ನ ಕಣ್ಣೆದುರು ಹಿಡಿದಳು.

"ನೋಡಿಕೊಳ್ಳಿ ಅಕ್ಕ. ಎಲ್ಲ ಇವತ್ತಿನದ್ದೇ. ಬಾಡಿದ್ದು ಒಂದೂ ಇಲ್ಲ."

ಬೇಡ, ಕಟ್ಟು ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ನನ್ನ ಕಣ್ಣು ಆಗಲೇ ಅಡಿಯ ಹೂಗಳವರೆಗೆ ಹೋಗಿ ಬಂದಾಗಿತ್ತು. ಅವಳು ಅದನ್ನು ನೋಡಿದಳು. ಬಾಳೆಲೆ ಮಡಚಿ, ಮತ್ತೆ ಕಟ್ಟಿ, ನನ್ನ ಕೈಗೆ ಕೊಟ್ಟಳು.