ಗಂಡನನ್ನು ಹೊರಗೆ ನಿಲ್ಲಿಸಿ ಕೇಳುವ ಪ್ರಶ್ನೆ

ಲವೀನಾ ಟೀಗ್ ನಮ್ಮ ವುಲ್ಫ್ ರನ್ ಹೋಬಳಿಗೆ ಬಂದಾಗ ಅವಳಿಗೆ ಮೂವತ್ತೇಳು ವರ್ಷ. ಅದು ಅವಳ ನಾಲ್ಕನೆಯ ಮನೆ. ಕೆಂಟಕಿಯಲ್ಲಿ ಒಂದು, ಇಂಡಿಯಾನಾದಲ್ಲಿ ಎರಡು, ಕೊನೆಗೆ ನಮ್ಮ ಇಲಿನಾಯ್. ಅವಳ ಗಂಡ ಆಸಾ ಕುಡುಕನಲ್ಲ, ಸೋಮಾರಿಯಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಮರ ಕಡಿದು, ಬೇಲಿ ಹಾಕಿ, ಜೋಳ ಕೈಗೆ ಹತ್ತುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಬ್ಬರ ಒಲೆಯ ಹೊಗೆ ಕಾಣಿಸುತ್ತಿತ್ತು, ಇವನಿಗೆ ಊಟ ಸೇರುತ್ತಿರಲಿಲ್ಲ. ಪಶ್ಚಿಮದಲ್ಲಿ ಇನ್ನೂ ಒಳ್ಳೆಯ ನೆಲವಿದೆ ಎಂದು ಶುರುಮಾಡುತ್ತಿದ್ದ.

ನಾಲ್ಕು ಜನ ಸೇರಿ ಜೋಳದ ತೆನೆ ಸುಲಿಯುವ ಕಡೆಯಲ್ಲೆಲ್ಲ ಅವನದು ಒಂದೇ ಮಾತು. "ನಮ್ಮ ಲವೀನಾನೂ ನನ್ನ ಥರಾನೇ. ಹೊರಡೋಣ ಅಂದ್ರೆ ನನಗಿಂತ ಮುಂಚೆ ಪಾತ್ರೆ ಕಟ್ಟಿರ್ತಾಳೆ. ಒಂದ್ಸಲಾನೂ ಬೇಡ ಅಂದವಳಲ್ಲ!" ಲವೀನಾ ತಲೆ ತಗ್ಗಿಸಿ ತೆನೆ ಸುಲಿಯುತ್ತಿದ್ದಳು. ನಾನಾಗಿದ್ದರೆ ಆ ತೆನೆಯನ್ನೇ ಅವನ ತಲೆಗೆ ಎಸೆಯುತ್ತಿದ್ದೆ.

ಇಲ್ಲಿಗೆ ಬಂದ ಏಳನೆಯ ವರ್ಷದ ಮಾರ್ಚ್ ತಿಂಗಳಲ್ಲಿ ಆಸಾ ಒಹಾಯೊ ಕಡೆಯವನೊಬ್ಬನಿಗೆ ಜಮೀನು ಮಾರಲು ಒಪ್ಪಿಕೊಂಡು ಬಂದ. ಇನ್ನು ಅಯೋವಾ ಅಂತೆ. ಗಾಡಿಗೆ ಹೊದಿಸುವ ದಪ್ಪ ಬಟ್ಟೆಯನ್ನು ಲವೀನಾಳೇ ಕೂತು ಹೊಲಿದಳು. ಹಿಂದಿನ ಬೇಸಿಗೆಯಲ್ಲಷ್ಟೇ ಅವರ ಹಿತ್ತಲಲ್ಲಿ ಬಾವಿ ತೋಡಿದ್ದರು. ಅಲ್ಲಿಯವರೆಗೆ ಹೋದಲ್ಲೆಲ್ಲ ಅವಳು ಹಳ್ಳದಿಂದಲೇ ನೀರು ಹೊತ್ತವಳು.

ನನ್ನ ಗಂಡ ಓಬೆಡ್ ಆಗ ಹೋಬಳಿಯ ನ್ಯಾಯಾಧಿಕಾರಿ. ಜಮೀನು ಮಾರುವಾಗ ಹೆಂಡತಿಯೂ ತನ್ನ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಬೇಕು. ಅದಕ್ಕೆ ಮುಂಚೆ ಗಂಡನನ್ನು ಹೊರಗೆ ನಿಲ್ಲಿಸಿ, ಅವಳೊಬ್ಬಳನ್ನೇ ಕೂರಿಸಿ, ಇದಕ್ಕೆ ನಿನ್ನ ಮನಸ್ಸು ಇದೆಯೇ, ಯಾರ ಹೆದರಿಕೆಯೋ ಬಲವಂತವೋ ಇಲ್ಲ ತಾನೇ ಎಂದು ಕೇಳಬೇಕು. ಕಚೇರಿ ಎಂದರೆ ನಮ್ಮ ಅಡುಗೆಮನೆ. ಗಂಡ ಇರಬಾರದು ಎಂದು ಕಾನೂನಿನಲ್ಲಿದೆ; ಹಿಟ್ಟು ನಾದುವ ಹೆಂಗಸು ಇರಬಾರದು ಎಂದು ಎಲ್ಲೂ ಇಲ್ಲ. ಹಾಗಾಗಿ ಮೂವತ್ತು ನಲವತ್ತು ಹೆಂಗಸರು "ಹೂಂ" ಅಂದದ್ದನ್ನು ನಾನು ಕೇಳಿದ್ದೇನೆ. ಓಬೆಡ್ ಆ ಪ್ರಶ್ನೆಯನ್ನು, ಹಸಿದವನು ಊಟದ ಮುಂಚಿನ ಪ್ರಾರ್ಥನೆ ಮುಗಿಸುವ ಹಾಗೆ, ಒಂದೇ ಉಸಿರಿಗೆ ಮುಗಿಸುತ್ತಿದ್ದ.

ಅವತ್ತೂ ಹಾಗೇ ಶುರುಮಾಡಿದ. ಅಂಗಳದ ಕೆಸರಿನಲ್ಲಿ ಆಸಾ ಅತ್ತಿಂದಿತ್ತ ಓಡಾಡುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು. ಲವೀನಾ ಆಗಲೇ ಲೇಖನಿಗೆ ಕೈ ಚಾಚಿದ್ದಳು. ನನಗೆ ಮೈ ಉರಿದುಹೋಯಿತು.

"ರೀ, ಅದೇನು ಗಂಟಲಲ್ಲೇ ನುಂಗ್ತಿದ್ದೀರಿ? ಅವಳಿಗೆ ಅರ್ಥ ಆಗೋ ಹಾಗಾದ್ರೂ ಓದಿ."

"ನೀನು ನಿನ್ನ ಹಿಟ್ಟು ನೋಡ್ಕೋ, ಹೆಪ್ಸಿ."

"ಹಿಟ್ಟು ಉಬ್ಬೋಕೆ ಇನ್ನೂ ಹೊತ್ತಿದೆ. ಓದಿ."

ಓಬೆಡ್ ಕೆಮ್ಮಿ, ಮೊದಲಿನಿಂದ ನಿಧಾನವಾಗಿ ಓದಿದ. ಲವೀನಾ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಓಬೆಡಣ್ಣ, ಇಲ್ಲ ಅಂದ್ರೆ ಏನಾಗುತ್ತೆ?"

"ಏನಾಗುತ್ತೆ ಅಂದ್ರೆ... ನಾನು ಮುದ್ರೆ ಒತ್ತೋ ಹಾಗಿಲ್ಲ. ಕೊಳ್ಳೋನು ಹಿಂದೆ ಸರೀತಾನೆ."

"ಅಷ್ಟೇನಾ?"

"ಅಷ್ಟೇ ತಾಯಿ."

"ಕೆಂಟಕಿಲೂ ಅಷ್ಟೇ ಇತ್ತಾ? ಇಂಡಿಯಾನಾದಲ್ಲೂ?"

ಓಬೆಡ್ ಹೌದೆಂದು ತಲೆಯಾಡಿಸಿದ. ನಾನು ನಾದುವುದನ್ನು ನಿಲ್ಲಿಸಿದ್ದೆ. ಇಪ್ಪತ್ತು ವರ್ಷ ಗಾಡಿಯಲ್ಲಿ ಕೂತು ಹಿಂದಕ್ಕೆ ತಿರುಗಿ ನೋಡಿದವಳು ಅವಳು. ಒಂದು ಮಾತಿನಲ್ಲಿ ಗಾಡಿ ನಿಲ್ಲುತ್ತಿತ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ಹಾಗಾದ್ರೆ ಇಲ್ಲ. ನನಗೆ ಮನಸ್ಸಿಲ್ಲ. ಬರ್ಕೊಳ್ಳಿ."

ಆಸಾನನ್ನು ಒಳಗೆ ಕರೆದು ಓಬೆಡ್ ವಿಷಯ ಹೇಳಿದ. ಕೂಗಾಡುತ್ತಾನೆ ಎಂದುಕೊಂಡು ನಾನು ಲಟ್ಟಣಿಗೆ ಹಿಡಿದು ನಿಂತಿದ್ದೆ. ಅವನು ಟೋಪಿ ತೆಗೆದು ಅವಳನ್ನೇ ನೋಡಿದ.

"ಇಂಡಿಯಾನಾದಲ್ಲಿ ಹೂಂ ಅಂದಿದ್ದೆಯಲ್ಲ?"

"ಅಂದಿದ್ದೆ."

"ಇಷ್ಟ ಇರ್ಲಿಲ್ವಾ?"

"ನೀವ್ಯಾವಾಗ ಕೇಳಿದ್ರಿ? ಬಂದು ಹೇಳಿದ್ರಿ. ನಾನು ಪಾತ್ರೆ ಕಟ್ಟಿದೆ."

"ನೀನೂ ನನ್ನ ಥರಾನೇ ಅಂದ್ಕೊಂಡಿದ್ದೆ ಕಣೇ," ಎಂದ ಆಸಾ. ಅಷ್ಟೇ ಹೇಳಿ, ಗಾಡಿಯನ್ನು ಅವಳಿಗೇ ಬಿಟ್ಟು, ಮೂರು ಮೈಲಿ ನಡೆದುಕೊಂಡೇ ಮನೆಗೆ ಹೋದ.

ಇನ್ನು ಎಲ್ಲ ಸುಖವಾಯಿತು ಎಂದು ಬರೆಯಲು ನನಗೂ ಆಸೆ. ಆದರೆ ಅವನು ಆ ಮನೆಯಲ್ಲಿ ಕಟ್ಟಿಹಾಕಿದ ಕುದುರೆಯ ಹಾಗಿದ್ದ. ಇದ್ದ ಬೇಲಿ ಕಿತ್ತು ಹತ್ತು ಹೆಜ್ಜೆ ಆಚೆಗೆ ಹಾಕುವನು. ಕೋಳಿಗೂಡನ್ನು ವರ್ಷಕ್ಕೆರಡು ಸಲ ಜಾಗ ಬದಲಾಯಿಸುವನು. ಊಟದ ನಡುವೆ ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡಿ ಬರುವನು. ಇಗರ್ಜಿಯಲ್ಲಿ ಹೆಂಗಸರು ಲವೀನಾಳ ಕಡೆ ನೋಡಿ ಗುಸುಗುಸು ಮಾಡುತ್ತಿದ್ದರು. "ಗಂಡನ ಮಾತಿಗೆ ಅಡ್ಡ ಬಂದೋಳು" ಎಂದು ಒಬ್ಬಳು ನನ್ನೆದುರೇ ಅಂದಳು. ಅವಳಿಗೆ ನಾನು ಏನೆಂದೆ ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ.

ಅದಾಗಿ ಐದನೆಯ ವರ್ಷಕ್ಕೆ ಲವೀನಾಳಿಗೇ ಸಾಕಾಯಿತು. "ಜೋಳ ಬಿತ್ತಿ ಹೋಗಿ. ಆ ಅಯೋವಾನ ಕಣ್ತುಂಬಾ ನೋಡ್ಕೊಂಡು ಹುಲ್ಲು ಕೊಯ್ಲಿಗೆ ಬನ್ನಿ," ಎಂದು ಅವಳೇ ಬುತ್ತಿ ಕಟ್ಟಿ ಕಳಿಸಿದಳು.

ಅವನು ಹೋದದ್ದೇ ತಡ, ಅವನ ರೋಗ ಇವಳಿಗೆ ಅಂಟಿತು. ಬೆಣ್ಣೆ ಕಡೆಯುತ್ತಾ ಕೂತವಳು ಎದ್ದುಬಿಡುವಳು. ಬೇಲಿಯ ಮೇಲೆ ಹತ್ತಿ ಪಶ್ಚಿಮದ ರಸ್ತೆ ನೋಡುವಳು. ಹುಲ್ಲು ಕೊಯ್ಲು ಮುಗಿಯಿತು, ಅವನಿಲ್ಲ. ಓಟ್ಸ್ ಕೊಯ್ಲಿಗೆ ನನ್ನ ಗಂಡ, ಅವಳ ಇಬ್ಬರು ಹೆಣ್ಣುಮಕ್ಕಳು, ನಾನು ಎಲ್ಲ ಇಳಿದೆವು. ಕಾಗದವೂ ಬರಲಿಲ್ಲ.

"ಅವತ್ತು ಹೂಂ ಅಂದ್ಬಿಡ್ಬೇಕಿತ್ತು ಅನ್ಸುತ್ತಾ?" ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ, ಮತ್ತು ಅವತ್ತಿನ ಪಾಪದಲ್ಲಿ ನನಗೂ ಪಾಲಿತ್ತು.

"ಇಲ್ಲ," ಎಂದಳು. "ಆದ್ರೆ ಇಲ್ಲ ಅಂದೋಳು ನಾನು. ಕಾಯೋದೂ ನಾನೇ ಅಲ್ವಾ, ಹೆಪ್ಸಿ."

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳ ಅಂಗಳದಲ್ಲಿ ನಾವಿಬ್ಬರೂ ಸೇಬು ಹೆಚ್ಚಿ ಒಣಹಾಕುತ್ತಿದ್ದೆವು. ರಸ್ತೆಯಲ್ಲಿ ಒಬ್ಬ ಮನುಷ್ಯ ಕುದುರೆ ಹಿಡಿದುಕೊಂಡು ನಡೆದು ಬಂದ. ಜ್ವರದಲ್ಲಿ ಬಿದ್ದೆದ್ದು ಅರ್ಧ ಇಳಿದುಹೋಗಿದ್ದ ಆಸಾ. ಲವೀನಾಳ ಮಡಿಲಿನಲ್ಲಿದ್ದ ಸೇಬೆಲ್ಲ ಉರುಳಿಹೋಯಿತು. ಅವಳು ಓಡಲಿಲ್ಲ, ನಿಂತಳು.

ಅವನು ಗೇಟಿನ ಹೊರಗೇ ನಿಂತ. ತನ್ನ ಕೈಯಿಂದ ಹಾಕಿದ ಗೇಟು, ಚಿಲಕ ತೆಗೆದರೆ ಆಯಿತು. ತೆಗೆಯಲಿಲ್ಲ.

"ಲವೀನಾ, ಒಳಗೆ ಬರ್ಲಾ?" ಎಂದು ಕೇಳಿದ.

ನಾನೇ ಬಾಯಿ ಹಾಕುವವಳಿದ್ದೆ. ಅವಳು ಕೈಯೆತ್ತಿ ನನ್ನನ್ನು ತಡೆದಳು. ಆಮೇಲೆ ನಿಧಾನವಾಗಿ "ಹೂಂ" ಎಂದಳು.