ಗೇಟಿಗೂ ಜಗಲಿಗೂ ನಡುವೆ ಕೆಂಪಯ್ಯ

ಮೈಸೂರಿನಲ್ಲಿ ನನಗೆ ಗೊತ್ತಿಲ್ಲದ ಮನೆಯಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಬಾಗಿಲು ಕಿರುಗುಟ್ಟುವುದನ್ನು ಕೇಳಿಯೇ ಯಾವ ಮೊಹಲ್ಲಾ, ಒಳಗೆ ಯಾವ ಸಾರು ಎಂದು ಹೇಳಬಲ್ಲೆ. ಚಾಮುಂಡಿ ಬೆಟ್ಟವನ್ನೇ ಒಮ್ಮೆ ನನಗೆ ಮಾರಲು ಬಂದಿದ್ದರು. ಮೆಟ್ಟಿಲು ಜಾಸ್ತಿಯೆಂದು ನಾನೇ ಬೇಡವೆಂದೆ. ಇಂಥ ನನ್ನನ್ನೂ ಮೀರಿಸುವವರು ಒಬ್ಬರೇ, ಮನೆ ದಳ್ಳಾಳಿ ಕೆಂಪಯ್ಯ.

ಬೆಳಗಿನ ಜಾವ. ಯಾದವಗಿರಿಯ ಬೀದಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಹೊಂಗೆಮರಕ್ಕೆ ಸೈಕಲ್ ಒರಗಿಸಿ, ನನ್ನ ಪಕ್ಕದಲ್ಲಿ ನಿಂತ ಕೆಂಪಯ್ಯ ಮಾರಾಟಕ್ಕಿರುವ ಎದುರು ಮನೆಯ ಗೇಟನ್ನೇ ನೋಡುತ್ತಿದ್ದಾರೆ. ಬೆರಳ ಸಂದಿಯ ಬೀಡಿ ಹೊತ್ತಿಸುವ ಮೊದಲೇ ಬೆವರಿಗೆ ಒದ್ದೆಯಾಗಿದೆ.

ಸ್ವಾತಂತ್ರ್ಯ ಬಂದ ವರ್ಷ ದನದ ಸಂತೆ ಬಿಟ್ಟು ಈ ಕಸುಬಿಗೆ ಬಂದವರು. "ಎತ್ತು ಮಾರ್ಸಿದ್ರೆ ಅವತ್ತೇ ಕೈಗೆ ಕಾಸು. ಮನೆ ಅಂಗಲ್ಲ ಸ್ವಾಮಿ. ಮಾರೋರು ನೂರಕ್ಕೆ ಎರಡು ಕೊಡ್ತಾರೆ, ಕೊಳ್ಳೋರು ಒಂದು. ಅದೂ ರಿಜಿಸ್ಟ್ರಿ ಆದ್ಮೇಲೆ. ನಡುವೆ ಮುರ್ದೋದ್ರೆ ಸೈಕಲ್ ತುಳ್ದಿದ್ದೇ ಲಾಭ."

ಅದಕ್ಕೇ ಮುಂಗಡದ ತಾಂಬೂಲ ಕೈಬದಲಾಗುವವರೆಗೆ ಮನೆಯೊಡೆಯರ ಹೆಸರನ್ನು ಅವರು ಕೊಳ್ಳುವವರಿಗೆ ಬಿಟ್ಟುಕೊಡುವುದಿಲ್ಲ. ಇಬ್ಬರೂ ನೇರವಾಗಿ ಕೂತು ಮುಗಿಸಿಕೊಂಡರೆ ದಳ್ಳಾಳಿಗೆ ಏನೂ ಇಲ್ಲ. ಹಿಂದಿನ ಎರಡು ವ್ಯಾಪಾರ ಹಾಗೆಯೇ ಕೈತಪ್ಪಿವೆ. ಇದೂ ಹೋದರೆ ದನದ ಸಂತೆಗೇ ನಡೆಯಿರಿ ಎಂದು ಹೆಂಡತಿ ಶಿವನಂಜಮ್ಮ ಹೇಳಿಯಾಗಿದೆ.

ಜಟಕಾ ಬಂದು ನಿಲ್ಲುತ್ತದೆ. ಇಳಿದವರು ಮನೆ ಕೊಳ್ಳಲಿರುವ ಶಾಲೆಯ ಮೇಷ್ಟ್ರಮ್ಮ ಸುಂದರಮ್ಮ. ಒಬ್ಬರೇ. "ದೊರೆಸ್ವಾಮಿಗಳೇ" ಎಂದು ಕರೆಯುತ್ತ ಒಳಗೆ ಹೋಗುತ್ತಾರೆ.

ಕೆಂಪಯ್ಯನವರ ಮುಖ ಸುಣ್ಣವಾಗುತ್ತದೆ. "ಹೆಸ್ರು ಎಂಗೆ ಗೊತ್ತಾಯ್ತು?" ಒಳಗಿನಿಂದ ಲೋಟಗಳ ಸದ್ದು. "ಕಾಫೀನೂ ಕೊಟ್ರು. ಮುಗೀತು ಬುಡಿ."

ಹಾಲಿನವನು ಬಂದು ಹೋಗುತ್ತಾನೆ. ಬಿಸಿಲು ಹೆಂಚಿಗೆ ತಾಗುತ್ತದೆ. ಕಡೆಗೆ ಸುಂದರಮ್ಮ ಗೇಟಿಗೆ ಬರುತ್ತಾರೆ.

"ಮರದ ಹಿಂದೆ ಏನ್ರೀ ಮಾಡ್ತಿದ್ದೀರಿ ಕೆಂಪಯ್ಯ, ಬನ್ನಿ. ನಲ್ಲಿ ನೀರಿನ ಮಾತಾಯ್ತು, ಮಾವಿನ ಗಿಡದ ಮಾತಾಯ್ತು. ಬೆಲೆ ಎತ್ತೋಕೆ ಅವರಿಗೂ ಸಂಕೋಚ, ನನಗೂ ಸಂಕೋಚ. ಇನ್ನೂರು ಇಳಿಸಿ ಅಂತ ನೀವೇ ಹೋಗಿ ಹೇಳಿ."

ಕೆಂಪಯ್ಯ ಗೇಟಿಗೂ ಜಗಲಿಗೂ ಅರವತ್ತು ಸಲ ನಡೆಯುತ್ತಾರೆ. ತಾಂಬೂಲ ಕೈಬದಲಾಗುತ್ತದೆ. ಆಮೇಲೆ ಬೀಡಿ ಹೊತ್ತುತ್ತದೆ.

"ಎತ್ತಾಗ್ಲಿ ಮನೆಯಾಗ್ಲಿ, ನಡುವೆ ಒಬ್ಬ ಬೇಕು ಕಣ್ರೀ," ಎನ್ನುತ್ತ ಸುಂದರಮ್ಮನವರತ್ತ ತಿರುಗುತ್ತಾರೆ. "ಹೆಸ್ರು ಯಾರು ಹೇಳಿದ್ದು ಮೇಷ್ಟ್ರಮ್ಮ?"

"ಇವರೇ, ನಿನ್ನೆ ಬಸ್ಸಿನಲ್ಲಿ. ದೊರೆಸ್ವಾಮಿಗಳು ಬಾಲ್ಯಸ್ನೇಹಿತರಂತೆ." ಅವರ ಬೆರಳು ನನ್ನ ಕಡೆ.

ಜಗಲಿಯ ಮೇಲೆ ದೊರೆಸ್ವಾಮಿ ಕನ್ನಡಕ ಏರಿಸಿ ನೋಡುತ್ತಾರೆ. "ಯಾರಪ್ಪ ಇವರು?"

ಕೆಂಪಯ್ಯ ಹೊಗೆ ಬಿಟ್ಟು, "ನಮ್ಮ ಕಡೆಯೋರು ಬುಡಿ," ಎನ್ನುತ್ತಾರೆ.

ಬೆಟ್ಟವನ್ನು ಯಾರೂ ನನಗೆ ಮಾರಲು ಬಂದಿರಲಿಲ್ಲ. ನಡೆದದ್ದೂ ಅರವತ್ತು ಸಲವಲ್ಲ, ಆರು. ದೊರೆಸ್ವಾಮಿಯವರನ್ನು ನಾನು ನೋಡಿದ್ದು ಇಂದೇ ಮೊದಲು. ಅವರ ಹೆಸರನ್ನು ಮೊನ್ನೆ ಕೆಂಪಯ್ಯನವರೇ, ನಂಬಿ, ನನ್ನ ಕಿವಿಯಲ್ಲಿ ಹೇಳಿದ್ದರು.